ಮಾವನಿಗೆ ಕಣ್ಣು ಬರಿಸಿದ ಮೆಷಿನ್

ನಮ್ಮ ಮಾವನಿಗೆ ಅರವತ್ತು ತುಂಬಿತು. ಇಷ್ಟು ವರ್ಷದಲ್ಲಿ ಕಣ್ಣು ಬಿಟ್ಟಿರುವ ಫೋಟೋ ಒಂದೇ ಒಂದೂ ಅವರದ್ದಿಲ್ಲ!

ಮಾವ ಅಂದರೆ ನನ್ನ ಸೋದರತ್ತೆಯ ಗಂಡ, ಶಂಕರಪುರಂನ ನಿವೃತ್ತ ಮೇಷ್ಟ್ರು. ಫ್ಲ್ಯಾಶ್ ಮಿಂಚಿದರೆ ಸಾಕು, ರೆಪ್ಪೆ ಬಂದ್. ಮದುವೆ ಆಲ್ಬಮ್ಮಿನಲ್ಲಿ ನಿದ್ದೆ. ಗೃಹಪ್ರವೇಶದಲ್ಲೂ ನಿದ್ದೆ. (ಹಾಲು ಉಕ್ಕಿದ್ದನ್ನೂ ನೋಡಲಿಲ್ಲ ಪುಣ್ಯಾತ್ಮರು.) ಕಳೆದ ತಿಂಗಳು ಷಷ್ಟ್ಯಬ್ದಿಯಲ್ಲಿ ನಾನೇ ಒಂದಿಡೀ ರೋಲ್ ಮುಗಿಸಿದೆ. ಮೂವತ್ತಾರರಲ್ಲೂ ಅದೇ ಕಥೆ.

ಅತ್ತೆಗೆ ಅಳುವೇ ಬಂತು. "ಇಬ್ರೂ ಕಣ್ಬಿಟ್ಕೊಂಡು ಜೊತೇಲಿರೋ ಫೋಟೋ ಒಂದಾದ್ರೂ ಬೇಡ್ವೇನೋ?"

ನನಗೂ ಪಾಪ ಅನ್ನಿಸಿತು. ನೆಗೆಟಿವ್ ಹಿಡಿದು ಗಾಂಧಿಬಜಾರಿನ ಸ್ಟುಡಿಯೋಗೆ ಓಡಿದೆ. ಹೊಸದಾಗಿ ಡಿಜಿಟಲ್ ಮೆಷಿನ್ ತರಿಸಿದ್ದ ಓನರ್ ನಕ್ಕ. "ಡಾರ್ಕ್‌ರೂಮ್ ಕಾಲ ಮುಗೀತು ಸಾರ್. ನೆಗೆಟಿವ್ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೆ ತಗೊಂಡ್ರೆ ಮೊಡವೆ ತೆಗೀಬಹುದು, ಕೂದಲು ಕಪ್ಪು ಮಾಡ್ಬಹುದು. ಕಣ್ಣೇನ್ ಮಹಾ? ಕಣ್ಬಿಟ್ಟಿರೋ ಹಳೇ ಫೋಟೋ ಕೊಡಿ, ಅಲ್ಲಿಂದ ಎತ್ತಿ ಇಲ್ಲಿ ಕೂರಿಸ್ತೀನಿ."

ಅದಿದ್ದಿದ್ದರೆ ನಾನು ಇಲ್ಲಿಗೇಕೆ ಬರುತ್ತಿದ್ದೆ? "ಏನಾದ್ರೂ ಅಡ್ಜಸ್ಟ್ ಮಾಡಿ" ಎಂದೆ. ನಮ್ಮೂರಿನಲ್ಲಿ ಈ ಮಾತನ್ನು ಎಲ್ಲಿ ಹೇಳಬಾರದೋ ಅಲ್ಲೇ ಹೇಳುತ್ತೇವೆ, ಅಲ್ಲವೇ?

ಆತ ಅಡ್ಜಸ್ಟ್ ಮಾಡಿಯೇಬಿಟ್ಟ. ಪ್ರಿಂಟಿನಲ್ಲಿ ಮಾವ ಕಣ್ಣು ಬಿಟ್ಟಿದ್ದರು! ಅತ್ತೆ ಹಿಗ್ಗಿ ಹೀರೇಕಾಯಿ. ಫ್ರೇಮ್ ಹಾಕಿಸಿ ಊಟದ ಮನೆಯ ಗೋಡೆಗೆ ತೂಗುಹಾಕಿಸಿದರು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನಮ್ಮೆಜಮಾನ್ರ ಕಣ್ಣು ಎಷ್ಟ್ ಲಕ್ಷಣವಾಗಿದೆ ನೋಡಿ!"

ಮಾವ ಮಾತ್ರ ಫೋಟೋ ಮುಂದೆ ನಿಂತು ಬೆವರಿದರು. "ಲೋ, ಇವು ನನ್ನ ಕಣ್ಣಲ್ವೋ. ನಿಮ್ಮತ್ತೇದು!"

ನೋಡಿದೆ. ನಿಜ. ಪಕ್ಕದಲ್ಲೇ ಕೂತಿದ್ದ ಅತ್ತೆಯ ಕಣ್ಣುಗಳನ್ನೇ ಆ ಮಹಾಶಯ ಎತ್ತಿ ಮಾವನಿಗೆ ಕೂರಿಸಿದ್ದ. ಮೊದಲೆಲ್ಲ ಫೋಟೋ ಎಂದರೆ ಸಾಕ್ಷಿ. ಈಗ ಅದನ್ನೂ ನಂಬುವ ಹಾಗಿಲ್ಲ.

ಅತ್ತೆಗೆ ಹೇಳಿದೆವಾ? ಸಾಧ್ಯವೇ ಇಲ್ಲ. ಅಷ್ಟು ಸಂತೋಷವನ್ನು ಕೆಡಿಸಲು ಯಾರಿಗೆ ಧೈರ್ಯ?

ಕಷ್ಟವೆಲ್ಲ ಮಾವನಿಗೆ. ಅವರಿಗೆ ಶುಗರ್. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಊಟದ ಮನೆಗೆ ನುಸುಳಿ ಮೈಸೂರು ಪಾಕಿನ ಡಬ್ಬ ತೆರೆಯುವುದು ಹಳೆಯ ಅಭ್ಯಾಸ. ಈಗ ಡಬ್ಬಕ್ಕೆ ಕೈಯಿಟ್ಟರೆ ಗೋಡೆಯಿಂದ ಅತ್ತೆಯ ಕಣ್ಣುಗಳು ನೆಟ್ಟ ನೋಟದಲ್ಲಿ ನೋಡುತ್ತವೆ, ಅದೂ ಎರಡು ಜೊತೆ!

ಮೊನ್ನೆ ಮಾವ ನನ್ನನ್ನು ಗೇಟಿನ ಹತ್ತಿರ ಕರೆದೊಯ್ದು ಪಿಸುಗುಟ್ಟಿದರು: "ಆ ಮೆಷಿನ್ನಲ್ಲಿ ಬಿಟ್ಟಿರೋ ಕಣ್ಣು ಮುಚ್ಚಿಸೋಕಾಗತ್ತಾ, ಕೇಳ್ಕೊಂಡ್ ಬಾರೋ?"