ಮರದ ಅಂಕಲ್ ಒಲ್ಲೆ ಎಂದ ಮರ

ಕಳೆದ ಶನಿವಾರ ಬೆಳಿಗ್ಗೆ ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಯಾರದೋ ಮನೆಯ ಹಳೆ ಸಾಮಾನಿನ ಗ್ಯಾರೇಜ್ ಸೇಲ್. ಮನೆಯಲ್ಲಿ ಯಾರೂ ಇಲ್ಲದಾಗ ಫೋನಿನ ಮಾತು ಹಿಡಿದಿಡುವ ಹಳೆಯ ಆನ್ಸರಿಂಗ್ ಮಷೀನ್ ಒಂದು ಕಣ್ಣಿಗೆ ಬಿತ್ತು. ಬೂದು ಬಣ್ಣದ ಡಬ್ಬಿ, ಒಳಗೆ ಪುಟ್ಟ ಕ್ಯಾಸೆಟ್, ಮೇಲೊಂದು ಕೆಂಪು ಗುಂಡಿ. ನಾನು ಹೋಗಿದ್ದು ಏಣಿ ಸಿಗುತ್ತದೇನೋ ಎಂದು. ಮರ ಕಡಿಯುವ ಕಾಂಟ್ರಾಕ್ಟರ್ ಎಂದು ಟ್ರಕ್ಕಿನ ಮೈಮೇಲೆ ದೊಡ್ಡದಾಗಿ ಬರೆಸಿಕೊಂಡವನು ಮರವೇ ಇಲ್ಲದ ಆ ಹೊಸ ಸಬರ್ಬ್‌ನಲ್ಲಿ ಓಡಾಡುವುದೆಂದರೆ ಬೋಳುತಲೆಯವರ ಕೇರಿಯಲ್ಲಿ ಬಾಚಣಿಗೆ ಮಾರಿದ ಹಾಗೆ. ಏಣಿ ಸಿಗಲಿಲ್ಲ. ಸುಮ್ಮನೆ ಆ ಗುಂಡಿ ಒತ್ತಿದೆ. ಮಷೀನಿಗೆ ಕರೆಂಟ್ ಇರಲಿಲ್ಲ. ಆದರೂ ನನ್ನ ಕಿವಿಗೆ ಒಂದು ಕೆಮ್ಮು ಕೇಳಿಸಿತು...

ಆ ಕೆಮ್ಮು ದಿನಾ ಕೇಳುತ್ತಿದ್ದ ವರ್ಷಗಳಲ್ಲಿ ನಾನು ಮೆಲ್ಬರ್ನ್‌ನ ವೆರಿಬೀಯಲ್ಲಿದ್ದೆ. ದಾವಣಗೆರೆಯಲ್ಲಿ ತುಳಸಿಕಟ್ಟೆಗೂ ನೀರು ಹಾಕದಿದ್ದವನು, ತೋಟಗಾರಿಕೆ ಓದಿದರೆ ಆಸ್ಟ್ರೇಲಿಯಾದಲ್ಲೇ ನೆಲೆಸುವ ಪಿಆರ್ ಬೇಗ ಸಿಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ಗಿಡಮರಗಳ ಮೇಲೆ ಹುಟ್ಟಾ ಪ್ರೀತಿ ಇದೆ ಎಂದು ಅರ್ಜಿಯಲ್ಲಿ ಬರೆದು ವಿಮಾನ ಹತ್ತಿದ್ದೆ. ಓದು ಮುಗಿದ ಮೇಲೆ ಇಂಥವರ ಕೈಕೆಳಗೆ ಇಷ್ಟು ಕಾಲ ಕೆಲಸ ಮಾಡಿದ್ದಾನೆ ಎಂದು ಒಬ್ಬರು ಪತ್ರ ಬರೆದುಕೊಡಬೇಕಿತ್ತು. ಆ ಒಬ್ಬರು, ಮರ ಕಡಿಯುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದ ಮರದ ಅಂಕಲ್.

ಅಲ್ಲಿನ ಕನ್ನಡದ ಮನೆಗಳಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ, ಭಾನುವಾರ ತಪ್ಪದೆ ಚರ್ಚು. ನಮ್ಮ ಜೊತೆ ಅಳೆದು ತೂಗಿದ ಕನ್ನಡ, ದಿನಕ್ಕೆ ನಾಲ್ಕೈದು ವಾಕ್ಯ. ಪ್ರತಿ ವಾಕ್ಯಕ್ಕೆ ಮೊದಲು ಒಂದು ಸಣ್ಣ ಕೆಮ್ಮು. ಫೋನಿನಲ್ಲಂತೂ ಮಾತೇ ಬೇಡ ಅವರಿಗೆ. ಗಿರಾಕಿಗಳು ಮನೆಯಲ್ಲಿಲ್ಲದ ಹೊತ್ತು ನೋಡಿ ಮಷೀನಿಗೆ ಎರಡು ಸಾಲು ಹೇಳಿ ಇಟ್ಟುಬಿಡುತ್ತಿದ್ದರು.

ನನಗೆ ಅವರು ದೇವರು ಕೊಟ್ಟ ಐಟಂ. ಹುಟ್ಟುಹಬ್ಬವಿರಲಿ, ಸೀಮಂತವಿರಲಿ, ಊಟವಾದ ಮೇಲೆ ಯಾರಾದರೂ ಒಬ್ಬರು 'ಮರದ ಅಂಕಲ್ ಮಾಡೋ' ಎನ್ನುತ್ತಿದ್ದರು. ನಾನು ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದುಕೊಂಡು ಶುರು ಮಾಡುತ್ತಿದ್ದೆ. ಅದರಲ್ಲಿ ಹೆಚ್ಚು ನಗು ಬರುತ್ತಿದ್ದುದು ಅವರು ಕೆಲಸ ನೋಡಲು ಹೋಗುವ ಚಂದಕ್ಕೆ. ಮರ ನೋಡಲು ಬಂದವರು ಯಾರಾದರೂ ಕತ್ತೆತ್ತಿ ಮೇಲೆ ನೋಡುತ್ತಾರೆ ತಾನೇ? ಇವರು ಮರಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಆಮೇಲೆ ನೆಲ ನೋಡುತ್ತಾ ಬೇಲಿಯವರೆಗೆ ಒಮ್ಮೆ, ಗೇಟಿನವರೆಗೆ ಒಮ್ಮೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಿದ್ದರು. ಉಂಗುರ ಕಳೆದುಕೊಂಡವರ ಹಾಗೆ. ಕೆಲವು ಸಲ ಅಷ್ಟೇ ಮಾಡಿ, ಮರವನ್ನು ಸರಿಯಾಗಿ ನೋಡದೆಯೇ 'ಇದು ಬೇಡ' ಎಂದು ಟ್ರಕ್ ಹತ್ತಿಬಿಡುತ್ತಿದ್ದರು. ಯಾಕೆ ಎಂದು ನಾನು ಕೇಳಿದವನಲ್ಲ. ಕಾರಣ ಗೊತ್ತಿಲ್ಲದಿದ್ದರೆ ಅಣಕ ಇನ್ನೂ ಚೆನ್ನಾಗಿ ಬರುತ್ತದೆ.

ನಾನು ಇದ್ದದ್ದು ಬೆಂಗಳೂರಿನ ಒಬ್ಬರ ಮನೆಯ ಹಿಂದಿನ ರೂಮಿನಲ್ಲಿ. ಅವರು ಐಟಿಯಲ್ಲಿದ್ದರು, ಸುತ್ತಲಿನ ಕನ್ನಡಿಗರಿಗೆಲ್ಲ ಹಿರಿಯಣ್ಣ. ನನಗೆ ಮಾತ್ರ ಓನರ್. ಕಡಿಮೆ ರೆಂಟ್‌ಗೆ ಇಟ್ಟುಕೊಂಡಿದ್ದರು, ಅದಕ್ಕೆ ತಕ್ಕ ಹಾಗೆ ನಾನೂ ಅವರ ಜೋಕಿಗೆಲ್ಲ ನಗುತ್ತಿದ್ದೆ. ಅವರ ಹಿತ್ತಿಲಿನ ಮೂಲೆಯಲ್ಲಿ ಒಂದು ಗಮ್ ಮರ ಒಣಗಿ ನಿಂತಿತ್ತು. ನಮ್ಮ ನೀಲಗಿರಿಯ ಸೋದರಮಾವನಂಥದ್ದು, ಮನೆಯ ಎರಡು ಪಟ್ಟು ಎತ್ತರ. ಊರಿನಲ್ಲಿದ್ದ ಅವರ ವಾಸ್ತು ಜೋಯಿಸರು ಫೋನಿನಲ್ಲೇ ಮನೆಯ ಅಳತೆ ಕೇಳಿ, ಈಶಾನ್ಯದಲ್ಲಿ ಸತ್ತ ಮರ ಇಟ್ಟುಕೊಂಡು ಸತ್ಯನಾರಾಯಣ ಪೂಜೆ ಮಾಡಿದರೆ ಫಲವಿಲ್ಲ ಎಂದುಬಿಟ್ಟರು. ಭೂಮಿಯ ಈ ಬದಿಯಲ್ಲಿ ಸೂರ್ಯನೇ ಉತ್ತರಕ್ಕೆ ವಾಲಿಕೊಂಡು ಹೋಗುತ್ತಾನಲ್ಲ, ಇಲ್ಲಿಯ ಈಶಾನ್ಯ ಯಾವುದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಡಿಮೆ ರೆಂಟ್ ಕೊಡುವವನು ಖಗೋಳಶಾಸ್ತ್ರ ಮಾತಾಡಬಾರದು.

ಮರದ ಅಂಕಲ್ ಬಂದು ನೋಡಿದರು. ಅಂದರೆ ಬೆನ್ನು ಹಾಕಿ ನಿಂತರು, ಹೆಜ್ಜೆ ಹಾಕಿದರು, ಕಾಫಿ ಕುಡಿದರು. ಆಮೇಲೆ ಕೆಮ್ಮಿ, ಇದು ತನ್ನಿಂದ ಆಗುವುದಲ್ಲ, ದೊಡ್ಡ ಕ್ರೇನ್ ಇರುವವರನ್ನು ಕರೆಸಿ ಎಂದರು. ಓನರ್ ಅದನ್ನು ನಿರಾಕರಣೆ ಎಂದು ತಿಳಿಯಲೇ ಇಲ್ಲ. ನಮ್ಮವರ ಪಂಕ್ತಿಯಲ್ಲಿ ಬೇಡ ಎಂದವನ ಎಲೆಗೇ ತಾನೇ ಮೊದಲು ಹೋಳಿಗೆ ಬೀಳುವುದು. ಮೊದಲ ಸಲಕ್ಕೇ ಹೂಂ ಎಂದರೆ ಮರ್ಯಾದೆಯಲ್ಲ ಎಂದು ಹಾಗೆ ಹೇಳಿದ್ದಾರೆ, ಇನ್ನೊಮ್ಮೆ ಒತ್ತಾಯ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡರು. ಒತ್ತಾಯ ಮಾಡುವ ಕೆಲಸ ನನಗೆ ಬಂತು.

ನಾನು ಯಾರಿಗೆ ಹೇಳಲಿ? ಒಲ್ಲೆ ಎಂದದ್ದನ್ನು ಮರದ ಅಂಕಲ್ ಎಂದೂ ಬದಲಿಸಿದವರಲ್ಲ. ನನ್ನ ಪತ್ರಕ್ಕೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ, ಅವರನ್ನು ಕೆಣಕುವ ಧೈರ್ಯ ನನಗಿರಲಿಲ್ಲ. ಇತ್ತ ಓನರ್ ದಿನಾ ಊಟದ ಹೊತ್ತಿಗೆ ಕೇಳುತ್ತಿದ್ದರು. ಪೂಜೆಗೆ ಒಂದು ವಾರ ಇರುವಾಗ ಅನ್ನ ಬಡಿಸುತ್ತಾ ಮೆಲ್ಲಗೆ ಹೇಳಿದರು, "ಪೂಜೆಗೆ ಊರಿಂದ ನಮ್ಮತ್ತೆ ಮಾವ ಬರ್ತಿದಾರೆ ಕಣೋ. ನಿನ್ ರೂಮ್ ಬೇಕಾಗ್ಬಹುದೇನೋ... ನೋಡೋಣ, ಆ ಮರ ಒಂದ್ ಹೋದ್ರೆ ಎಲ್ಲಾ ಸರಿಹೋಗತ್ತೆ." ಒಂದು ಕಡೆ ತಲೆಯ ಮೇಲಿನ ಸೂರು, ಇನ್ನೊಂದು ಕಡೆ ದೇಶದಲ್ಲಿ ಉಳಿಯುವ ಕಾಗದ. ನಡುವೆ ಅಣಕ ಬಿಟ್ಟರೆ ಬೇರೇನೂ ಬಾರದ ನಾನು.

ಗುರುವಾರ ಮಧ್ಯಾಹ್ನ ಸ್ಟೇಷನ್ ಬಳಿಯ ಪಬ್ಲಿಕ್ ಫೋನಿನಿಂದ ಓನರ್ ಮನೆಗೆ ಫೋನ್ ಮಾಡಿದೆ. ಮನೆಯಲ್ಲಿ ಯಾರೂ ಇರುವುದಿಲ್ಲ ಎಂದು ಗೊತ್ತಿತ್ತು. ಮಷೀನ್ ಕೀ ಎಂದ ಮೇಲೆ ಕೆಮ್ಮಿ, ಮರದ ಅಂಕಲ್ ಧ್ವನಿಯಲ್ಲಿ, ಶನಿವಾರ ಎಂಟು ಗಂಟೆಗೆ ಬರ್ತೇನೆ, ಮರ ತೆಗೆಯುವ ಎಂದು ಹೇಳಿ ಇಟ್ಟೆ. ಎರಡು ದಿನ ನೆಮ್ಮದಿ ಸಿಕ್ಕರೆ ಸಾಕು, ಶನಿವಾರ ಮಳೆ ಬರುತ್ತದೆ, ಕೆಲಸ ತಾನಾಗಿ ಮುಂದೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಬೇಡವೆಂದರೂ ಸುರಿಯುವ ಮೆಲ್ಬರ್ನ್‌ನ ಮಳೆ ಆ ಒಂದು ಶನಿವಾರ ಬರಲಿಲ್ಲ.

ಅವತ್ತು ನಮಗೆ ಬೇರೆ ಕಡೆ ಕೆಲಸವಿತ್ತು. ಎಂದಿನಂತೆ ಮರದ ಅಂಕಲ್ ನನ್ನನ್ನು ಕರೆದುಕೊಂಡು ಹೋಗಲು ಟ್ರಕ್ ನಿಲ್ಲಿಸಿದರು. ನಾನು ಓಡುವ ಮೊದಲೇ ಓನರ್ ಓಡಿ, ಅವರ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಬಂದರು. ಯಾವ ಮರ, ಯಾರು ಹೇಳಿದ್ದು ಎಂದು ಮರದ ಅಂಕಲ್ ಕೇಳಿದಾಗ ಓನರ್ ನಗುತ್ತಾ ಮಷೀನಿನ ಗುಂಡಿ ಒತ್ತಿದರು. ಕೆಮ್ಮು ಬಂತು. ಮಾತು ಬಂತು. ಮರದ ಅಂಕಲ್ ತಮ್ಮದೇ ಧ್ವನಿಯನ್ನು ಕೊನೆಯವರೆಗೂ ಕೇಳಿದರು. ನಂತರ ನನ್ನ ಕಡೆ ನೋಡಿದರು. ನಾನು ಸಿಂಕ್ ನೋಡಿದೆ.

"ಒಮ್ಮೆ ಹಿತ್ತಿಲು ನೋಡಿ ಬರುವ," ಎಂದರು.

ಹಿತ್ತಿಲಿನಲ್ಲಿ ಇಬ್ಬರೇ ನಿಂತೆವು. ಈಗ ಬೈಯುತ್ತಾರೆ, ಪತ್ರ ಹೋಯಿತು, ಪಿಆರ್ ಹೋಯಿತು ಎಂದು ನಾನು ಅಂದುಕೊಳ್ಳುತ್ತಿರುವಾಗ ಅವರು ಹೇಳಿದ್ದು, "ಕೆಮ್ಮು ಸ್ವಲ್ಪ ಹೆಚ್ಚಾಯಿತು ಮಾರಾಯ. ನಾನು ಅಷ್ಟು ಕೆಮ್ಮುವುದಿಲ್ಲ."

ಆಮೇಲೆ ನನ್ನ ಹೆಗಲು ಹಿಡಿದು ಮರದಿಂದ ಸ್ವಲ್ಪ ಈಚೆಗೆ ಒಂದು ಜಾಗದಲ್ಲಿ ನಿಲ್ಲಿಸಿದರು. ಅವರು ಮೇಲೆ ಹತ್ತಿ ಕೊಂಬೆ ಕಡಿಯುವಾಗ ಹಗ್ಗ ಹಿಡಿದು ಕೆಳಗೆ ನಿಲ್ಲುವವನು ನಾನು. ಅದು ನನ್ನ ಜಾಗ.

"ಮೇಲಿನಿಂದ ಒಂದು ಮುರಿದು ಬಂತು ಅಂತ ಇಟ್ಟುಕೋ. ಓಡು ನೋಡುವ."

ನಾನು ತಿರುಗಿದೆ. ಬಲಕ್ಕೆ ತಗಡಿನ ಬೇಲಿ, ನನ್ನ ತಲೆಗಿಂತ ಎತ್ತರ. ಎಡಕ್ಕೆ ನೀರಿನ ಟ್ಯಾಂಕ್. ಹಿಂದೆ ಶೆಡ್ಡಿನ ಗೋಡೆ. ಶೆಡ್ಡಿಗೂ ಟ್ಯಾಂಕಿಗೂ ನಡುವೆ ಒಂದು ಸಣ್ಣ ಗೇಟು, ಅದೂ ಒಳಕ್ಕೆ ತೆರೆಯುವಂಥದ್ದು. ಎರಡು ಹೆಜ್ಜೆ ಇಟ್ಟೆ, ನಿಂತೆ. ತಲೆಯ ಮೇಲೆ ಆ ಒಣಮರ ಗಾಳಿಗೆ ಕಿರ್ ಎಂದಿತು. ಎಷ್ಟೋ ಮನೆಗಳಲ್ಲಿ ಜನರನ್ನು ನಗಿಸಲು ನಾನು ಹಾಕಿದ್ದ ಆ ದೊಡ್ಡ ಹೆಜ್ಜೆಗಳು ಹಗ್ಗ ಹಿಡಿದವನು ಓಡಿ ಪಾರಾಗುವ ದಾರಿಯನ್ನು ಅಳೆಯುತ್ತಿದ್ದವು ಎಂದು ಆಗ ತಿಳಿಯಿತು.

ನಾನು ಓನರ್‌ಗೆ ನಿಜ ಹೇಳುತ್ತೇನೆ ಎಂದೆ. ಹಾಗೆಂದದ್ದು ಎಷ್ಟು ಮೆಲ್ಲಗೆ ಎಂದರೆ, ಅದು ಅವರಿಗೆ ಕೇಳಿಸದಿರಲಿ ಎಂಬ ಆಸೆಯೂ ಅದರಲ್ಲೇ ಇತ್ತು. ಅವರು ಆಗಲೇ ಒಳಗೆ ನಡೆದಿದ್ದರು.

ಅಡುಗೆಮನೆಯಲ್ಲಿ ಪೂಜೆಗೆಂದು ಬಂದಿದ್ದ ನೆಂಟರೂ ಸೇರಿದ್ದರು. ಮರದ ಅಂಕಲ್ ಹೇಳಿದರು, "ಬರ್ತೇನೆ ಅಂತ ನಾನು ಹೇಳಿದ್ದು ಹೌದು. ಹೇಳಬಾರದಿತ್ತು. ಈ ಕೆಲಸ ನನ್ನಿಂದ ಆಗುವುದಿಲ್ಲ."

"ಏನ್ ಸಾರ್, ಮಾತ್ ಕೊಟ್ಬಿಟ್ಟು..." ಓನರ್ ಮುಖ ಕೆಂಪಾಯಿತು. "ಹೆದರ್ಕೊಂಡ್ರಾ?"

"ಹೌದು."

ಒಂದೇ ಮಾತು. ಅದಕ್ಕೆ ಮುಂಚೆ ಅವರು ಕೆಮ್ಮಲೂ ಇಲ್ಲ. ನಾನು ಫ್ರಿಜ್‌ಗೆ ಒರಗಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಹತ್ತು ಜನರ ಧ್ವನಿ ತೆಗೆಯುತ್ತಿದ್ದ ಬಾಯಿ ಅದು, ಅವತ್ತು ನನ್ನದೊಂದು ಹೊರಡಲಿಲ್ಲ.

ಮರ ಇದ್ದ ಹಾಗೆಯೇ ಪೂಜೆ ನಡೆಯಿತು. ಪ್ರಸಾದದ ಸಪಾತ ಚೆನ್ನಾಗಿತ್ತು. ಎರಡು ವಾರದ ಮೇಲೆ ಬೇರೆ ಕಂಪನಿಯವರು ಹಿಂದಿನ ರಸ್ತೆಯಲ್ಲಿ ಕ್ರೇನ್ ನಿಲ್ಲಿಸಿ, ಬೇಲಿಯ ಮೇಲಿಂದ ಆ ಮರವನ್ನು ಮಧ್ಯಾಹ್ನದ ಊಟದೊಳಗೆ ತೆಗೆದುಕೊಂಡು ಹೋದರು. ಒಂದು ಹೂಕುಂಡವೂ ಒಡೆಯಲಿಲ್ಲ. ಮಾತು ಕೊಟ್ಟು ಕೈಕೊಟ್ಟ ಪುಕ್ಕಲ ಎಂದು ಓನರ್ ಹೋದಲ್ಲೆಲ್ಲ ಹೇಳಿದರು. ಕನ್ನಡದ ಮನೆಗಳಿಂದ ಮರದ ಅಂಕಲ್‌ಗೆ ಫೋನ್ ಬರುವುದು ಒಂದೊಂದಾಗಿ ನಿಂತಿತು. ಇನ್ನೊಂದು ವಿಷಯ ಬರೆಯದಿದ್ದರೆ ಈ ಲೇಖನವೂ ನನ್ನ ಅಣಕಗಳಲ್ಲೊಂದಾಗುತ್ತದೆ. ಮುಂದಿನ ಒಂದು ಹುಟ್ಟುಹಬ್ಬದಲ್ಲಿ 'ಹೆದರ್ಕೊಂಡ್ರಾ ಸಾರ್, ಹೌದು' ಎಂಬುದನ್ನೂ ಮಾಡು ಎಂದರು. ನಾನು ಮಾಡಿದೆ. ಚಪ್ಪಾಳೆ ಬಿತ್ತು.

ಪತ್ರಕ್ಕೆ ಅವರು ಸಹಿ ಹಾಕಿದರು, ಮಷೀನಿನ ವಿಷಯ ಮತ್ತೆ ಎತ್ತಲೇ ಇಲ್ಲ. ಪಿಆರ್ ಬಂತು. ನಾನು ಸಿಡ್ನಿಗೆ ಬಂದೆ, ಪ್ಯಾರಮಟ್ಟಾದಲ್ಲಿ ಮನೆ ಮಾಡಿದೆ, ನನ್ನದೇ ಟ್ರಕ್ ಆಯಿತು. ಈಗ ಹಗ್ಗ ಹಿಡಿಯಲು ಇಬ್ಬರಿದ್ದಾರೆ. ಯಾವ ಹಿತ್ತಿಲಿಗೆ ಹೋದರೂ ನಾನು ಮರಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ. ಗಿರಾಕಿಯ ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಾರೆ. ಆದರೆ ಒಲ್ಲೆ ಎನ್ನಬೇಕಾದಾಗ ಇಂದಿಗೂ ನನ್ನ ನಾಲಿಗೆ ತೊದಲುತ್ತದೆ, ಒಂದು ದಿನ ತಡೆದು ಹೇಳುತ್ತೇನೆ ಎಂದು ಬಂದುಬಿಡುತ್ತೇನೆ. ಮರದ ಅಂಕಲ್‌ಗೆ ಒಮ್ಮೆ ಫೋನ್ ಮಾಡಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ...

ಗ್ಯಾರೇಜ್ ಸೇಲ್‌ನಿಂದ ಬಂದು ಟ್ರಕ್ಕಿನಲ್ಲಿ ಕೂತವನು ಕೊನೆಗೂ ಫೋನ್ ತೆಗೆದೆ. ನನ್ನ ಬಳಿಯಿದ್ದ ಅವರ ನಂಬರ್ ಸತ್ತಿತ್ತು. ಹೊಸದನ್ನು ಕೇಳಲು ಓನರ್‌ಗೆ ಮಾಡಿದೆ. ಮೊದಲು ನಿಜ ಹೇಳಿಬಿಡೋಣ ಎಂದು, ಆ ಮರದ ಮೆಸೇಜ್ ಬಿಟ್ಟದ್ದು ನಾನು, ಅವರಲ್ಲ, ಎಂದೆ.

"ಯಾವ್ ಮರಾನೋ?" ಎಂದರು ಓನರ್.

ಬಿಡಿಸಿ ಹೇಳಿದೆ. ಅವರಿಗೆ ನೆನಪಾಗಲಿಲ್ಲ. ಈಗ ಅಲ್ಲೊಂದು ಬಳ್ಳಿ ಹಬ್ಬಿಸುವ ಚಪ್ಪರ, ಪರ್ಗೊಲಾ ಇದೆಯಂತೆ. ಮರದ ಅಂಕಲ್ ನಂಬರ್ ಕೇಳಿದೆ. "ಅವ್ರು ಹೋದ್ರಲ್ಲೋ. ಹೋದ ಚಳಿಗಾಲ. ಹಾರ್ಟು. ಯಾರೂ ಹೇಳ್ಲಿಲ್ವಾ ನಿಂಗೆ?"

ಯಾರೂ ಹೇಳಿರಲಿಲ್ಲ. ಹೇಳುವಂಥ ಸಂಬಂಧವನ್ನು ನಾನು ಉಳಿಸಿಕೊಂಡೂ ಇರಲಿಲ್ಲ.

"ಒಳ್ಳೆ ಮನುಷ್ಯ ಕಣೋ," ಎಂದರು ಓನರ್. ನಿಜವಾಗಿ ಬೇಸರದಿಂದಲೇ ಹೇಳಿದರು. ಆಮೇಲೆ ದನಿ ಬದಲಾಯಿತು. "ನೀನ್ ಅವ್ರ್ ಥರಾನೇ ಮಾತಾಡ್ತಿದ್ದೆ ಅಲ್ವಾ? ಎಷ್ಟ್ ವರ್ಷ ಆಯ್ತು... ಒಂದ್ಸಲ ಮಾಡೋ, ಕೇಳೋಣ."

ಆಗುವುದಿಲ್ಲ ಎಂದೆ. ಅವರು ನಕ್ಕು, ನಾನು ಶುರು ಮಾಡಲಿ ಎಂದು ಫೋನ್ ಹಿಡಿದೇ ಕಾದರು.