ಮೊರಬದ ಅಜ್ಜಿ ಕಂಡ ಹತ್ತಿಯ ಎಳೆ

ಹತ್ತಿಯ ಎಳೆಗಳನ್ನು ಅಭ್ಯಾಸ ಮಾಡಿದ, ಈಗ ಹೆಚ್ಚಿನವರು ಮರೆತಿರುವ ವಿಜ್ಞಾನಿಯೊಬ್ಬರ ಜೀವನಚರಿತ್ರೆ ಬರೆಯುತ್ತಿದ್ದೇನೆ. ಆಕೆ ಪ್ರಯೋಗಾಲಯ ಬಿಟ್ಟು ಹೊರಗೆ ಬಂದವರೇ ಅಲ್ಲ ಎಂದು ಎಲ್ಲರೂ ಹೇಳಿದ್ದರು. ನಾನೂ ಹಾಗೆಯೇ ಬರೆದಿದ್ದೆ.

ಆಕೆ ಅಭ್ಯಾಸ ಮಾಡಿದ ಹತ್ತಿ ಬೆಳೆಯುವ ಸೀಮೆಯನ್ನಾದರೂ ನೋಡೋಣವೆಂದು ಈ ಕಡೆ ಬಂದಿದ್ದೆ. ಇಂದು ಮೊರಬದ ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಅಜ್ಜಿ ನಾನು ಬಂದ ಕಾರಣ ಕೇಳಿದರು. ಹೇಳಿ, ಫೋನಿನಲ್ಲಿದ್ದ, ದಪ್ಪ ಕನ್ನಡಕ ಹಾಕಿದ್ದ ಆಕೆಯ ಹಳೆಯ ಫೋಟೋ ತೋರಿಸಿದೆ.

"ಇದೇ ದಪ್ಪ ಚಾಳೀಸಿನ ಬಾಯಾರ್ರಿ," ಎಂದರು ಅಜ್ಜಿ. "ನಾ ಸಣ್ಣಾಕಿದ್ದಾಗ ನಮ್ಮ ಹೊಲಕ್ಕ ಬಂದಿದ್ರು. ಬದುವಿನ ಮ್ಯಾಲೆ ದುರ್ಬೀನ ಇಟ್ಟು ಹತ್ತಿ ಎಳಿ ತೋರಿಸಿದ್ರು."

ದುರ್ಬೀನವೆಂದರೆ ಸೂಕ್ಷ್ಮದರ್ಶಕ! ನಾನು ಅಜ್ಜಿಯತ್ತ ತಿರುಗಿ ಕೂತೆ. "ಏನು ಕಂಡಿತಜ್ಜಿ?"

"ತಿರುವಿದ ರಿಬ್ಬನ್ ಇದ್ದಂಗಿತ್ರಿ. ಗಂಡಸರು ಮುಂದ ನುಗ್ಗಿದ್ರು. 'ಹತ್ತಿ ಬಿಡಿಸೋ ಹೆಣ್ಮಕ್ಕಳು ಮದಲ ನೋಡ್ಲಿ, ನೀವು ಹಿಂದ ಸರೀರಿ' ಅಂತ ಬಾಯಾರು ಬೈದ್ರು. ಅಗದಿ ಸಿಟ್ಟಿನ ಹೆಣ್ಮಗಳು."

ಅಷ್ಟರಲ್ಲಿ ನವಲಗುಂದದ ಬಸ್ಸು ಬಂದು ನಿಂತಿತು. ಇಬ್ಬರೂ ಅದಕ್ಕಾಗಿಯೇ ಕಾದಿದ್ದೆವು. ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡರು.

"ಆ ಹೊಲ ಇಲ್ಲೇ ಬಾಜೂಕ ಐತಿ. ನೋಡ್ತೀರೇನು? ಹೋಗೂಣು ಬರ್ರಿ."

ಬಸ್ಸು ಹೊರಟುಹೋಯಿತು. ಕರಿಮಣ್ಣಿನ ದಾರಿಯಲ್ಲಿ, ದಾರಿ ಗೊತ್ತಿಲ್ಲದ ನಾನೇ ಅಜ್ಜಿಗಿಂತ ಮುಂದೆ ಮುಂದೆ ನಡೆಯುತ್ತಿದ್ದೆ.