ಉಡದ ಗುಡ್ಡವನ್ನು ಬರೆದವಳು

ಕುದುರೆಗಳು ಬಂದಾಗ ಫೀಬಿ ನಂಗರಿ ಅಮ್ಮನ ಜೊತೆ ಮಡುವಿನಲ್ಲಿ ನೈದಿಲೆ ಗಡ್ಡೆ ಕೀಳುತ್ತಿದ್ದಳು. ಹಾಲುಹಲ್ಲು ಇನ್ನೂ ಬೀಳದ ವಯಸ್ಸು. ಕಾಂಗರೂ ನಾಡಿನ ಕಿಂಬರ್ಲಿಯ ಆ ಸೀಮೆಯಲ್ಲಿ ದನ ಮೇಯಿಸಲು ಬೇಲಿ ಹಾಕಿಕೊಂಡಿದ್ದ ಹಾಲೊರನ್ ಎಂಬ ಬಿಳಿ ದೊರೆಯ ಹೋರಿಯೊಂದನ್ನು ಯಾರೋ ಈಟಿಯಿಂದ ತಿವಿದು ತಿಂದಿದ್ದರು. ಯಾರು ಎಂದು ದೊರೆ ವಿಚಾರಿಸಲಿಲ್ಲ. ಬಂದೂಕಿನ ಸವಾರರನ್ನು ಕಟ್ಟಿಕೊಂಡು ಫೀಬಿಯ ಕುಲದವರ ಬೀಡಿಗೇ ನುಗ್ಗಿದ. ಅಮ್ಮ ಮಗಳ ತಲೆಯನ್ನು ನೀರಿಗೆ ಅದುಮಿ, ಎಲೆಗಳ ಮರೆಯಲ್ಲಿ ಮೂಗು ಮಾತ್ರ ಮೇಲಿರುವಂತೆ ಹಿಡಿದಳು.

ಹೆಂಗಸರು ಮಕ್ಕಳಿದ್ದ ಕಡೆಯಿಂದ ಸವಾರರನ್ನು ಸೆಳೆಯಲೆಂದು ಅಪ್ಪ ಕೂಗುತ್ತ ಗುಡ್ಡದತ್ತ ಓಡಿದ. ಲೋಕ ಹುಟ್ಟುವಾಗ ದೊಡ್ಡ ಉಡವೊಂದು ನಡೆದು ದಣಿದು ಅಲ್ಲಿ ಮಲಗಿ ಗುಡ್ಡವಾಗಿತ್ತು. ಅಪ್ಪ ಆ ಉಡದ ಕುಲದವನು. ಗುಂಡು ಬೆನ್ನಿಗೆ ಬಿತ್ತು. ಬಿದ್ದವನು ಇನ್ನೂ ತೆವಳುತ್ತಿದ್ದ. ಹಾಲೊರನ್ ಕುದುರೆಯಿಂದಿಳಿದು, ಜೀನಿನಿಂದ ಕಾಲಿಡುವ ರಿಕಾಪು ಬಿಚ್ಚಿಕೊಂಡು, ಅದರ ಕಬ್ಬಿಣದಿಂದ ತಲೆ ಒಡೆದ. ಇನ್ನೊಂದು ಗುಂಡು ದಂಡ ಮಾಡುವುದು ಅವನಿಗೆ ಬೇಕಿರಲಿಲ್ಲ. ಆಮೇಲೆ ಹೆಣಗಳನ್ನೆಲ್ಲ ಕುದುರೆಗೆ ಕಟ್ಟಿ ಎಳೆದು, ಒಟ್ಟಿ, ಸೀಮೆಎಣ್ಣೆ ಸುರಿದು ಸುಟ್ಟರು. ಆ ವಾಸನೆ ನೀರಿನ ಮೇಲೆ ಬಂದು ಕೂತಿತು.

ಉಳಿದವರು ಹೋಗುವುದಾದರೂ ಎಲ್ಲಿಗೆ? ಅವರ ನೆಲ ಇಲ್ಲಿತ್ತು. ಅಮ್ಮ ಹಾಲೊರನ್ನನ ಮನೆಯಲ್ಲೇ ಕೆಲಸಕ್ಕೆ ನಿಂತಳು. ಫೀಬಿ ಬೆಳೆದು ಅವನ ಅಂಗಿ ಒಗೆದಳು, ರೊಟ್ಟಿ ಸುಟ್ಟಳು, ಅವನ ಮಗ ಕೀತನಿಗೆ ತುತ್ತಿಟ್ಟಳು. ಒಮ್ಮೆ ಬಟ್ಟೆ ಒಗೆಯುತ್ತ ಉಡದ ಹಾಡು ಗುನುಗಿದ್ದಕ್ಕೆ ದೊರೆ ದನದ ಚಾಟಿ ಬೀಸಿದ. ಅವಳ ಎಡಗಣ್ಣು ಒಡೆದುಹೋಯಿತು. ಗಾಯಕ್ಕೆ ಸೊಪ್ಪು ಅರೆದು ಹಚ್ಚುತ್ತ ಸೋದರತ್ತೆ ವಿನ್ನಿ ಹಾಡಿನ ಉಳಿದ ಭಾಗವನ್ನು ಅವಳ ಕಿವಿಯಲ್ಲಿ ಹೇಳಿಕೊಟ್ಟಳು: ಉಡ ಎಲ್ಲಿ ನೀರು ಕುಡಿಯಿತು, ಎಲ್ಲಿ ಬಾಲ ಎಳೆಯಿತು ಎಂದು.

ಮುಂದೆ ಎಲ್ಲರಿಗೂ ಸಮನಾಗಿ ಕೂಲಿ ಕೊಡಬೇಕೆಂಬ ಕಾನೂನು ಬಂದಾಗ ಹಾಲೊರನ್ನರು ಇವರನ್ನೆಲ್ಲ ಓಡಿಸಿದರು. ಪೇಟೆಯ ಅಂಚಿನ ತಗಡಿನ ಮನೆಯಲ್ಲಿ, ತಂಗಿಯ ಮಗ ಡೆಸ್ಮಂಡನ ಜೊತೆ, ಫೀಬಿ ಮುದುಕಿಯಾದಳು. ಹಿರಿಯರು ಹಲಗೆಗಳ ಮೇಲೆ ತಮ್ಮ ತಮ್ಮ ನೆಲವನ್ನು ಚಿತ್ರವಾಗಿ ಬರೆಯತೊಡಗಿದ್ದರು. ತಾನೂ ಬರೆಯಬಹುದೇ ಎಂದು ಅವಳು ವಿನ್ನಿ ಅತ್ತೆಯನ್ನು ಕೇಳಬೇಕಿತ್ತು. ಗುಡ್ಡದ ಕತೆ ಹೇಳುವ ಹಕ್ಕು ಈಗ ಅತ್ತೆಯದು. ಹಣ್ಣುಮುದುಕಿ ಅವಳನ್ನು ಹತ್ತಿರ ಕೂರಿಸಿಕೊಂಡಳು.

"ಸತ್ತೋರ ಹೆಸ್ರು ಎತ್ಬೇಡ. ಬಿದ್ದ ಜಾಗ ಬರಿ, ಸಾಕು. ಜಾಗಕ್ಕೆಲ್ಲಾ ಗೊತ್ತದೆ."

ಫೀಬಿ ಕೆಮ್ಮಣ್ಣು ಅರೆದು ಗುಡ್ಡ ಬರೆದಳು. ಅದರೊಳಗೆ ಇದ್ದಿಲ ಕಪ್ಪಿನಲ್ಲಿ ಮಲಗಿದ ಉಡ, ಬುಡದಲ್ಲಿ ಸುಟ್ಟ ನೆಲ. ಸುತ್ತ ಬಿಳಿಮಣ್ಣಿನ ಚುಕ್ಕೆ ಇಡುವಾಗ ಒಂದೊಂದಕ್ಕೂ ಒಬ್ಬೊಬ್ಬರನ್ನು ನೆನೆದು ಅತ್ತಳು.

ಪೇಟೆಯ ಸಭಾಭವನದ ಅಂಗಳದಲ್ಲಿ ಚಿತ್ರಗಳನ್ನಿಟ್ಟ ದಿನ ಕೀತ್ ಹಾಲೊರನ್ ಬಂದ. ಐವತ್ತು ದಾಟಿದರೂ ಗಟ್ಟಿ ಆಳು. ಚಿತ್ರದ ಕೆಳಗೆ ಡೆಸ್ಮಂಡ್ ಬರೆದಿಟ್ಟಿದ್ದ ಕತೆ ಓದಿ ಅವನ ಮುಖ ಕೆಂಪೇರಿತು.

"ನಮ್ಮಪ್ಪನ ರೊಟ್ಟಿ ತಿಂದು ಬೆಳ್ದೋಳು ನೀನು," ಎಂದ.

"ಆ ರೊಟ್ಟಿ ಸುಟ್ಟೋಳೂ ನಾನೇ ಕಣೋ, ನಿನ್ ಬಾಯಿಗಿಟ್ಟೋಳೂ ನಾನೇ," ಎಂದಳು ಫೀಬಿ.

ಕೀತ್ ಬೂಟುಗಾಲಿನಿಂದ ಹಲಗೆಯ ನಡುವಿಗೆ ಒದ್ದ. ಅದು ಸೀಳಿತು. ತಡೆಯಹೋದ ಅವಳನ್ನು ನೂಕಿದ. ಅವಳ ತಲೆ ಮೆಟ್ಟಿಲಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಕಾಂಗರೂ ಬಾಲ ಸುಡುತ್ತಿದ್ದ ಡೆಸ್ಮಂಡ್ ಬೆಂಕಿಯ ಬಳಿಯಿಂದ ಓಡಿ ಬಂದವನೇ ಒಂದೇ ಏಟಿಗೆ ಕೀತನ ದವಡೆ ಮುರಿದ. ಎದೆಯ ಮೇಲೆ ಕೂತು, ಹಲ್ಲು ಉದುರಿದರೂ ಬಿಡದೆ ಗುದ್ದಿದ. ಕೊನೆಗೆ ಎದ್ದು ಸೌದೆ ಕೊಡಲಿ ತಂದ.

ಫೀಬಿ ತೆವಳಿ ಬಂದು ಕೀತನ ಮೇಲೆ ಅಡ್ಡ ಬಿದ್ದಳು. ಅವಳಲ್ಲಿ ಕರುಣೆಯಿರಲಿಲ್ಲ. ಆ ತಲೆ ಒಡೆಯುವುದನ್ನು ನೋಡುವ ಆಸೆ ಅವಳಿಗೂ ಇತ್ತು. ಆದರೆ ಡೆಸ್ಮಂಡನನ್ನು ಕಳೆದುಕೊಳ್ಳುವ ಶಕ್ತಿ ಇರಲಿಲ್ಲ.

"ದೊಡ್ಡಮ್ಮಾ, ಆಚೆ ಸರಿ," ಎಂದ ಅವನು.

"ಇವ್ನು ಇಲ್ಲಿ ಸತ್ರೆ ಇವ್ನನ್ನೂ ನಾನೇ ಬರೀಬೇಕಾಗ್ತದೆ. ಇವ್ನಿಗೆ ಹಾಕಕ್ಕೆ ನನ್ಹತ್ರ ಮಣ್ಣಿಲ್ಲ. ಕೊಡ್ಲಿ ಇಡು ಮಗಾ."

ಡೆಸ್ಮಂಡ್ ಕೊಡಲಿ ಇಟ್ಟ. ಅವನಿಗೆ ಜೈಲಾಯಿತು, ಮುದುಕಿಯ ತಲೆ ಒಡೆದವನಿಗೆ ಏನೂ ಆಗಲಿಲ್ಲ.

ಡೆಸ್ಮಂಡ್ ಬಿಡುಗಡೆಯಾಗಿ ಬಂದ ಮೇಲೆ ಕುಲದವರೆಲ್ಲ ಲಾರಿ ಹತ್ತಿ ಗುಡ್ಡಕ್ಕೆ ಹೊರಟರು. ಹಾಲೊರನ್ನರ ಬೇಲಿಯ ಗೇಟಿನ ಸರಪಳಿ ಕತ್ತರಿಸಿದಾಗ ಕೀತ್ ಬಂದೂಕು ಹಿಡಿದು ಬಂದು ಲಾರಿಯ ಚಕ್ರಕ್ಕೆ ಗುಂಡು ಹೊಡೆದ. ಅವರು ಇಳಿದು, ವಿನ್ನಿ ಅತ್ತೆಯನ್ನು ಎತ್ತಿಕೊಂಡು, ಅವನ ಪಕ್ಕದಿಂದಲೇ ನಡೆದುಹೋದರು. ಅಷ್ಟು ಜನರ ಮೇಲೆ ಅವನ ಕೈ ಏಳಲಿಲ್ಲ. ಗುಡ್ಡದ ಬುಡದಲ್ಲಿ, ವಾಡಿಕೆಯಂತೆ ನೆಲದ ಶುದ್ಧಿಗೆ, ಹಸಿ ಸೊಪ್ಪಿನ ಹೊಗೆ ಹಾಕಿದರು. ಫೀಬಿ ಗುಡ್ಡಕ್ಕೆ ಮುಖಮಾಡಿ ಗಟ್ಟಿಯಾಗಿ ಕರೆದಳು.

"ಅಪ್ಪಾ, ನಾನು, ನಿನ್ ಮಗ್ಳು. ಬರೋದು ತಡ ಆಯ್ತು."

ಆಮೇಲೆ ಮಂಡಿಯೂರಿ, ಅಲ್ಲಿನ ಕೆಂಪು ಮಣ್ಣನ್ನು ಸೆರಗಿನಂತೆ ಹಿಡಿದ ಲಂಗದ ತುಂಬ ತುಂಬಿಕೊಂಡಳು. ಎರಡನೆಯ ಚಿತ್ರವನ್ನು ಅವಳು ಆ ಮಣ್ಣಿನಿಂದಲೇ ಗೋಡೆಯಷ್ಟು ಅಗಲ ಬರೆದಳು.